ಆ ವಾನರನ ಮುಖದ ಹಿಂದೆ ಮನುಷ್ಯರಿದ್ದಾರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ‘ಪ್ಲಾನೆಟ್ ಆಫ್ ದಿ ಏಪ್ಸ್’ ಸರಣಿಯ ಚಿತ್ರಗಳ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮನುಷ್ಯರ ಪ್ರಯೋಗದಿಂದ ಬುದ್ಧಿ ಬೆಳೆಸಿಕೊಂಡ ವಾನರರ ಕಥೆಯನ್ನು ಲೇಖಕರು ಚೊಕ್ಕವಾಗಿ ಪರಿಚಯಿಸಿದ್ದಾರೆ. ಆದರೆ ಲೇಖನದ ಕೊನೆಯಲ್ಲಿ ಬಂದ ಒಂದು ಮಾತಿಗಾಗಿ ಈ ಪತ್ರ ಬರೆಯಬೇಕಾಯಿತು. ‘ಪ್ರಾಣಿಗಳೂ ಇಲ್ಲ, ನಟರೂ ಇಲ್ಲ, ಎಲ್ಲವೂ ಕಂಪ್ಯೂಟರಿನ ಕೈಚಳಕ’ ಎಂದು ಅವರು ಬರೆದಿದ್ದಾರೆ. ವಾನರರ ಪಾತ್ರಗಳಲ್ಲಿ ನಿಜವಾದ ಪ್ರಾಣಿಗಳಿಲ್ಲ ಎಂಬುದು ನಿಜ, ಅದು ಸಂತೋಷದ ಸಂಗತಿಯೂ ಹೌದು. ನಟರಿಲ್ಲ ಎಂಬುದು ಮಾತ್ರ ಸತ್ಯಕ್ಕೆ ತೀರಾ ದೂರವಾದ ಮಾತು. ಕೃತಕ ಬುದ್ಧಿಮತ್ತೆ ಎಲ್ಲವನ್ನೂ ಮಾಡಿಬಿಡುತ್ತದೆ ಎಂಬ ನಂಬಿಕೆ ಹಬ್ಬುತ್ತಿರುವ ಈ ದಿನಗಳಲ್ಲಿ ಇಂಥ ಮಾತು ಓದುಗರ ಮನಸ್ಸಿನಲ್ಲಿ ಬೇಗ ಬೇರೂರುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಅವಕಾಶ ಮಾಡಿಕೊಡಬೇಕು.

ನಾನು ಬಹಳ ವರ್ಷ ಜೀವವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಈ ಸರಣಿಯ 2011ರ ಚಿತ್ರವನ್ನು ಮೊಮ್ಮಗಳ ಜೊತೆ ಕುಳಿತು ನೋಡುತ್ತಿದ್ದಾಗ, ಆಶ್ರಯ ಕೇಂದ್ರವೆಂಬ ಹೆಸರಿನ ಜೈಲಿನಲ್ಲಿ ಸೀಸರ್ ಎಂಬ ಚಿಂಪಾಂಜಿಗೆ ವಿದ್ಯುತ್ ಕೋಲಿನಿಂದ ಚುಚ್ಚುವ ದೃಶ್ಯ ಬಂತು. ಮಗು ನನ್ನ ತೋಳು ಹಿಡಿದುಕೊಂಡು, ‘ಅಜ್ಜಾ, ಸಿನಿಮಾ ಮಾಡೋವಾಗ ಅದಕ್ಕೆ ನಿಜವಾಗ್ಲೂ ಹೊಡೆದ್ರಾ?’ ಎಂದು ಕೇಳಿತು. ‘ಇಲ್ಲ ಮಗಳೇ, ಅದು ಚಿಂಪಾಂಜಿಯೇ ಅಲ್ಲ’ ಎಂದೆ. ‘ಹಾಗಾದ್ರೆ ಯಾರದು?’ ಎಂಬುದು ಅವಳ ಮುಂದಿನ ಪ್ರಶ್ನೆ. ಕಂಪ್ಯೂಟರ್ ಎಂದು ಹೇಳಿ ಸುಮ್ಮನಾಗುವುದು ಸುಲಭವಿತ್ತು. ನನಗೆ ಆ ಉತ್ತರ ಸಾಲದು ಅನಿಸಿತು. ಆ ದಿನದಿಂದ ಈ ಚಿತ್ರಗಳನ್ನು ತಯಾರಿಸಿದ ಬಗೆಯನ್ನು ಕೈಗೆ ಸಿಕ್ಕಷ್ಟು ಓದುತ್ತ, ನೋಡುತ್ತ ಬಂದಿದ್ದೇನೆ.

ಅದೇ ಚಿತ್ರದ ಒಂದು ಸಣ್ಣ ಸನ್ನಿವೇಶವನ್ನು ನೆನಪಿಸಿಕೊಳ್ಳಿ. ಮರೆವಿನ ರೋಗಕ್ಕೆ ಮದ್ದು ಹುಡುಕುತ್ತಿರುವ ವಿಜ್ಞಾನಿಯ ತಂದೆ ಚಾರ್ಲ್ಸ್ ಮೇಜಿನ ಮುಂದೆ ಕುಳಿತಿದ್ದಾನೆ. ಮಗನ ಮದ್ದಿನಿಂದ ಒಮ್ಮೆ ಗುಣವಾಗಿದ್ದ ಅವನಿಗೆ ಕಾಯಿಲೆ ಮತ್ತೆ ಮರುಕಳಿಸುತ್ತಿದೆ, ಕೈಯಲ್ಲಿದ್ದ ಫೋರ್ಕನ್ನು ತಿರುಗುಮುರುಗಾಗಿ ಹಿಡಿದು ತಟ್ಟೆಯಲ್ಲಿ ತಡಕಾಡುತ್ತಿದ್ದಾನೆ. ಪಕ್ಕದಲ್ಲಿ ಕುಳಿತ ಸೀಸರ್ ಒಂದು ಕ್ಷಣ ನೋಡಿ, ಕೈ ಚಾಚಿ, ಮುದುಕನಿಗೆ ಮುಜುಗರವಾಗದ ಹಾಗೆ ಫೋರ್ಕನ್ನು ಮೆಲ್ಲಗೆ ಸರಿಯಾಗಿ ತಿರುಗಿಸಿ ಇಡುತ್ತಾನೆ. ಒಂದು ಮಾತೂ ಇಲ್ಲ. ಆ ಕೈ ಮುದುಕನ ಕೈಗೆ ತಾಗುವಾಗ ಇರುವ ಮೃದುತ್ವ, ಆಮೇಲೆ ಕಣ್ಣಿನಲ್ಲಿ ಸುಳಿಯುವ ಆತಂಕ, ಇವೆರಡೂ ಇಲ್ಲದಿದ್ದರೆ ಆ ದೃಶ್ಯವೇ ಇಲ್ಲ. ಚಿತ್ರೀಕರಣದ ಸಮಯದಲ್ಲಿ ಚಾರ್ಲ್ಸ್ ಪಾತ್ರದ ಜಾನ್ ಲಿತ್ಗೋ ಅವರ ಪಕ್ಕದಲ್ಲಿ ಖಾಲಿ ಕುರ್ಚಿ ಇರಲಿಲ್ಲ. ಬ್ರಿಟಿಷ್ ನಟ ಆ್ಯಂಡಿ ಸರ್ಕಿಸ್, ಮೈಗಂಟಿದ ಬೂದು ಉಡುಪು ತೊಟ್ಟು, ಮುಖದ ತುಂಬ ಚುಕ್ಕಿ ಇಟ್ಟುಕೊಂಡು, ತಲೆಯಿಂದ ಮುಂದಕ್ಕೆ ಚಾಚಿದ ಪುಟ್ಟ ಕ್ಯಾಮೆರಾವನ್ನು ಹೊತ್ತುಕೊಂಡು, ಆ ಪಾತ್ರವನ್ನು ಅಭಿನಯಿಸುತ್ತಿದ್ದರು. ಮುದುಕನ ಕೈಗೆ ತಾಗಿದ್ದು ಇನ್ನೊಬ್ಬ ನಟನ ಕೈ. ಲಿತ್ಗೋ ಅವರ ಮುಖದಲ್ಲಿ ಕಾಣುವ ಭಾವಕ್ಕೆ ಎದುರುತ್ತರ ಕೊಟ್ಟದ್ದು ಇನ್ನೊಬ್ಬ ನಟನ ಕಣ್ಣು.

ಇದನ್ನು ಪರ್ಫಾರ್ಮೆನ್ಸ್ ಕ್ಯಾಪ್ಚರ್ ಎನ್ನುತ್ತಾರೆ, ಅಂದರೆ ಅಭಿನಯವನ್ನೇ ಸೆರೆಹಿಡಿದು, ಅದನ್ನು ಆಧರಿಸಿ ಕಂಪ್ಯೂಟರಿನಲ್ಲಿ ವಾನರನನ್ನು ರೂಪಿಸುವ ವಿಧಾನ. ಮೊದಲು ಇದನ್ನು ಸುತ್ತಲೂ ವಿಶೇಷ ಕ್ಯಾಮೆರಾಗಳಿರುವ ಬರಿದಾದ ಒಳಾಂಗಣದಲ್ಲೇ ಹೆಚ್ಚಾಗಿ ಮಾಡಲಾಗುತ್ತಿತ್ತು. ನಟರ ಉಡುಪಿನ ಮೇಲೆ ಅಂಟಿಸಿದ ಗುಂಡುಗಳು ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಪ್ರತಿಫಲಿಸುತ್ತಿದ್ದವು, ಆ ಹೊಳಪನ್ನು ಹಿಡಿದು ಕ್ಯಾಮೆರಾಗಳು ಕೈಕಾಲುಗಳ ಚಲನೆಯನ್ನು ದಾಖಲಿಸುತ್ತಿದ್ದವು. ಹೊರಗೆ ಬಿಸಿಲಿಗೆ ಬಂದರೆ ಈ ಏರ್ಪಾಡು ಕೆಲಸ ಮಾಡುತ್ತಿರಲಿಲ್ಲ, ಏಕೆಂದರೆ ಬಿಸಿಲಿನಲ್ಲೇ ಬೇಕಾದಷ್ಟು ಅವಕೆಂಪು ಕಿರಣಗಳಿರುತ್ತವೆ. ಇದರಿಂದಾಗಿ ಪ್ರಾಣಿಯ ಪಾತ್ರಧಾರಿ ಒಂದು ಕಡೆ, ಉಳಿದ ನಟರು ಇನ್ನೊಂದು ಕಡೆ, ಬೇರೆ ಬೇರೆ ಹೊತ್ತಿನಲ್ಲಿ ಅಭಿನಯಿಸಬೇಕಾಗುತ್ತಿತ್ತು. ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿರುವ ಆಗ ವೆಟಾ ಡಿಜಿಟಲ್ ಎಂಬ ಹೆಸರಿದ್ದ ದೃಶ್ಯ ಪರಿಣಾಮ (ವಿಷುಯಲ್ ಎಫೆಕ್ಟ್ಸ್) ಸಂಸ್ಥೆಯವರು 2011ರ ಚಿತ್ರಕ್ಕಾಗಿ ಪ್ರತಿಫಲಿಸುವ ಗುಂಡುಗಳ ಬದಲು ತಾವೇ ಬೆಳಗುವ ಪುಟ್ಟ ಅವಕೆಂಪು ದೀಪಗಳನ್ನು ಉಡುಪಿಗೆ ಜೋಡಿಸಿದರು, ಕ್ಯಾಮೆರಾದ ಕಣ್ಣು ತೆರೆಯುವ ಹೊತ್ತಿಗೆ ಸರಿಯಾಗಿ ಅವು ಮಿನುಗುವಂತೆ ಮಾಡಿದರು. ಆಗ ಗೋಲ್ಡನ್ ಗೇಟ್ ಸೇತುವೆಯ ಮೇಲಿನ ಕಾಳಗವನ್ನು ಹಗಲು ಬೆಳಕಿನಲ್ಲೇ, ಅದಕ್ಕೆಂದು ಕಟ್ಟಿದ ಹೊರಾಂಗಣ ಸೆಟ್ಟಿನಲ್ಲಿ ಚಿತ್ರೀಕರಿಸುವುದು ಸಾಧ್ಯವಾಯಿತು. 2014ರ ಮುಂದಿನ ಚಿತ್ರಕ್ಕಾಗಿ ಇದೇ ಸಲಕರಣೆಗಳನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮಳೆಕಾಡಿಗೆ ಹೊತ್ತೊಯ್ದರು. ಯಂತ್ರದ ಈ ಸುಧಾರಣೆಯಿಂದ ಆದ ದೊಡ್ಡ ಉಪಕಾರವೆಂದರೆ, ನಟರು ಒಬ್ಬರನ್ನೊಬ್ಬರು ನೋಡುತ್ತ ಅಭಿನಯಿಸುವ ಹಳೆಯ ಸಹಜ ಕ್ರಮ ಮರಳಿ ಬಂದದ್ದು.

ದೇಹದ ಶ್ರಮವೂ ಕಡಿಮೆಯದಲ್ಲ. ಚಿಂಪಾಂಜಿಯ ತೋಳು ಅದರ ಕಾಲಿಗಿಂತ ಉದ್ದ, ನಮ್ಮದು ಇದಕ್ಕೆ ತದ್ವಿರುದ್ಧ. ಹಾಗಾಗಿ ಮನುಷ್ಯ ನಾಲ್ಕು ಕಾಲಿನ ಮೇಲೆ ನಡೆದರೆ ಸೊಂಟ ಮೇಲೆದ್ದು, ತಲೆ ಕೆಳಗಾಗಿ, ನೋಡುವವರಿಗೆ ಅಂಬೆಗಾಲಿಡುವಂತೆ ಕಾಣುತ್ತದೆ. ಈ ಅಂತರವನ್ನು ತುಂಬಲು ನಟರು ಮುಂಗೈಗೆ ಊರುಗೋಲಿನಂತಹ ಸಲಕರಣೆ ಕಟ್ಟಿಕೊಂಡು ಓಡುವುದನ್ನು, ನೆಗೆಯುವುದನ್ನು ಅಭ್ಯಾಸ ಮಾಡಿದರು. ಅವರಿಗೆ ಚಲನೆಯ ಪಾಠ ಹೇಳಿದವರು ಟೆರ್‍ರಿ ನೋಟರಿ, ಅವರು ಸ್ವತಃ ರಾಕೆಟ್ ಎಂಬ ಚಿಂಪಾಂಜಿಯ ಪಾತ್ರವನ್ನೂ ಮಾಡಿದ್ದಾರೆ. ಮಾರಿಸ್ ಎಂಬ ಗಂಭೀರ ಸ್ವಭಾವದ ಗಂಡು ಒರಾಂಗುಟಾನ್ ನಿಮ್ಮ ಲೇಖಕರಿಗೂ ಇಷ್ಟವಾಗಿದೆ. ಆ ಪಾತ್ರ ಮಾಡಿದವರು ಒಬ್ಬ ಮಹಿಳೆ, ಕರಿನ್ ಕೊನೊವಾಲ್. ಸಿಯಾಟಲ್‌ನ ಮೃಗಾಲಯದಲ್ಲಿದ್ದ ಟೊವಾನ್ ಎಂಬ ಒರಾಂಗುಟಾನ್‌ನೊಡನೆ ಅವರು ಸ್ನೇಹವನ್ನೇ ಬೆಳೆಸಿಕೊಂಡಿದ್ದರು. ಮಾರಿಸ್ ಆತುರವಿಲ್ಲದೆ ತಲೆಯೆತ್ತಿ ನೋಡುವ ರೀತಿಯಲ್ಲಿ, ಎದುರಿನವರನ್ನು ಅಳೆದು ತೂಗಿ ಆಮೇಲೆ ಕೈ ಚಾಚುವ ರೀತಿಯಲ್ಲಿ, ಹತ್ತಿರದಿಂದ ನೋಡಿದವರಿಗಷ್ಟೇ ದಕ್ಕುವ ತಿಳಿವಳಿಕೆ ಇದೆ.

2014ರ ಚಿತ್ರದಲ್ಲಿ ಕೋಬಾನ ದೃಶ್ಯವೊಂದಿದೆ. ನಟರಿಲ್ಲ ಎನ್ನುವ ಯಾರೇ ಆಗಲಿ ಅದನ್ನು ಇನ್ನೊಮ್ಮೆ ನೋಡಬೇಕು ಎಂಬುದು ನನ್ನ ಕಳಕಳಿಯ ಕೋರಿಕೆ. ಪ್ರಯೋಗಾಲಯದಲ್ಲಿ ಮನುಷ್ಯರ ಕೈಯಲ್ಲಿ ನರಳಿ, ಮುಖದ ತುಂಬ ಗಾಯದ ಗುರುತು ಹೊತ್ತ ಕೋಬಾ ಶಸ್ತ್ರಾಗಾರವನ್ನು ಕದ್ದು ನೋಡಲು ಬಂದು, ಬಂದೂಕು ಹಿಡಿದ ಇಬ್ಬರು ಮನುಷ್ಯರ ಕೈಗೆ ಸಿಕ್ಕಿಬೀಳುತ್ತಾನೆ. ಮರುಕ್ಷಣವೇ ಅವನ ಇಡೀ ಮೈ ಬದಲಾಗುತ್ತದೆ. ತುಟಿ ಹೊರಚಾಚಿ, ಭುಜ ಜೋಲಿಸಿ, ಉರುಳಾಡಿ, ಕೈತಟ್ಟಿ, ಮನುಷ್ಯರು ಬಯಸುವ ‘ಪೆದ್ದು ಸರ್ಕಸ್ ಕೋತಿ’ ಆಗಿಬಿಡುತ್ತಾನೆ. ಅವರು ನಗುತ್ತಾರೆ, ಬಿಟ್ಟು ಕಳಿಸುತ್ತಾರೆ. ಬೆನ್ನು ತಿರುಗಿಸಿ ಹೊರಟ ಕೋಬಾನ ಮುಖದಿಂದ ಆ ಪೆದ್ದುತನ ಒಮ್ಮೆಲೇ ಕಳಚಿಬೀಳುತ್ತದೆ. ಮುಂದೊಮ್ಮೆ ಅದೇ ವೇಷ ಹಾಕಿಕೊಂಡು ಬಂದು, ಅದೇ ಇಬ್ಬರ ಬಂದೂಕನ್ನು ಆಟದಂತೆ ಕೈಗೆತ್ತಿಕೊಂಡು, ಅವರನ್ನೇ ಕೊಲ್ಲುತ್ತಾನೆ. ಇಲ್ಲಿ ನಟ ಟೋಬಿ ಕೆಬೆಲ್ ಒಬ್ಬ ವಾನರನ ಪಾತ್ರ ಮಾಡುತ್ತಿದ್ದಾರೆ, ಆ ವಾನರ ಇನ್ನೊಬ್ಬ ವಾನರನ ಪಾತ್ರ ಮಾಡುತ್ತಿದ್ದಾನೆ. ಪಾತ್ರದೊಳಗೆ ಪಾತ್ರ, ಒಂದರಿಂದ ಇನ್ನೊಂದಕ್ಕೆ ಜಾರುವ ಕ್ಷಣ ಸ್ಪಷ್ಟವಾಗಿ ಕಾಣಬೇಕು, ಆದರೆ ಎದುರಿಗಿರುವ ಇಬ್ಬರಿಗೆ ಮಾತ್ರ ಕಾಣಬಾರದು. ರಂಗಭೂಮಿಯಲ್ಲಿ ನುರಿತವರಿಗೂ ಇದು ಕಠಿಣ ಪರೀಕ್ಷೆ. ಕಂಪ್ಯೂಟರಿಗೆ ಇಂಥ ಇಬ್ಬಗೆಯ ಮನಸ್ಸು ಎಲ್ಲಿಂದ ಬರಬೇಕು?

ಹಾಗೆಂದು ಎಲ್ಲ ಶ್ರೇಯಸ್ಸನ್ನೂ ನಟರಿಗೇ ಕಟ್ಟಿಬಿಡುವುದೂ ತಪ್ಪಾಗುತ್ತದೆ. ಈ ವಿಧಾನವನ್ನು ಸರ್ಕಿಸ್ ‘ಡಿಜಿಟಲ್ ಮೇಕಪ್’ ಎಂದು ಕರೆದಾಗ, ವಾನರನಿಗೆ ಕಂಪ್ಯೂಟರಿನಲ್ಲಿ ರೂಪ, ಚಲನೆ ಕೊಡುವ ಅನಿಮೇಟರುಗಳು ನೊಂದುಕೊಂಡರು, ಬಹಿರಂಗವಾಗಿ ಆಕ್ಷೇಪವನ್ನೂ ಎತ್ತಿದರು. ಆ ಆಕ್ಷೇಪ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಇದೇ ಕಥೆಯ 1968ರ ಮೊದಲ ಚಿತ್ರದಲ್ಲಿ ಜಾನ್ ಚೇಂಬರ್ಸ್ ಮೆದು ರಬ್ಬರಿನ ಮುಖಭಾಗಗಳನ್ನು ನಟರ ಮುಖಕ್ಕೆ ಅಂಟಿಸಿ ವಾನರರನ್ನು ಸೃಷ್ಟಿಸಿದ್ದರು. ಮೇಕಪ್‌ಗೆಂದು ಆಸ್ಕರ್‌ನಲ್ಲಿ ಪ್ರತ್ಯೇಕ ವಿಭಾಗವೇ ಇಲ್ಲದಿದ್ದ ಕಾಲದಲ್ಲಿ ಅವರಿಗೆ ಗೌರವ ಆಸ್ಕರ್ ಸಂದಿತು. ಅಲ್ಲಿ ರಬ್ಬರಿನ ಅಡಿಯಲ್ಲಿ ಅಲುಗಾಡುತ್ತಿದ್ದದ್ದು ನಟನದೇ ಮುಖ. ಡಿಜಿಟಲ್ ವಾನರನ ವಿಷಯ ಹಾಗಲ್ಲ. ಸರ್ಕಿಸ್ ಹುಬ್ಬು ಗಂಟಿಕ್ಕಿದ ಮಾತ್ರಕ್ಕೆ ಸೀಸರ್‌ನ ಹುಬ್ಬು ಗಂಟಿಕ್ಕುವುದಿಲ್ಲ, ಏಕೆಂದರೆ ಚಿಂಪಾಂಜಿಯ ಹುಬ್ಬಿನೆಲುಬು ಮುಂಚಾಚಿದೆ, ಮೂಗು ಚಪ್ಪಟೆ, ಬಾಯಿಯ ಭಾಗ ಮುಂದಕ್ಕೆ ಉಬ್ಬಿದೆ, ತುಟಿ ನಮಗಿಂತ ಎಷ್ಟೋ ಹೆಚ್ಚು ಬಾಗಬಲ್ಲದು. ನಮ್ಮ ಕಣ್ಣಿನ ಬಿಳಿ ಭಾಗ ನಾವು ಎತ್ತ ನೋಡುತ್ತಿದ್ದೇವೆಂದು ದೂರದಿಂದಲೇ ಹೇಳಿಬಿಡುತ್ತದೆ, ಬಹುತೇಕ ಚಿಂಪಾಂಜಿಗಳಲ್ಲಿ ಆ ಭಾಗ ಕಪ್ಪು. ನಟನ ಮುಖದ ಒಂದು ಭಾವವನ್ನು ಇಷ್ಟು ಬೇರೆಯಾದ ಮುಖಕ್ಕೆ ಅಳತೆ ಮಾಡಿ ಕೂರಿಸಿದರೆ ವಿಕಾರವಾಗುತ್ತದೆ. ಅದನ್ನು ಅರ್ಥ ಮಾಡಿಕೊಂಡು, ವಾನರನ ಮುಖದಲ್ಲಿ ಅದೇ ಅರ್ಥ ಹೊರಡಲು ಯಾವ ಸ್ನಾಯು ಎಷ್ಟು ಎಳೆಯಬೇಕೆಂದು ನಿರ್ಧರಿಸಬೇಕು. ಅನಿಮೇಟರ್ ಮಾಡುವುದು ಒಂದು ಬಗೆಯ ಅನುವಾದ, ಒಳ್ಳೆಯ ಅನುವಾದಕ್ಕೆ ಬೇಕಾದ ರಸಜ್ಞತೆಯೇ ಅದಕ್ಕೂ ಬೇಕು.

ಈ ಕೆಲಸಕ್ಕೆ ವಿಜ್ಞಾನದ ಬುನಾದಿಯೂ ಇದೆ. ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ 1978ರಲ್ಲಿ ಮನುಷ್ಯನ ಮುಖದ ಪ್ರತಿಯೊಂದು ಸ್ನಾಯುವಿನ ಚಲನೆಗೂ ಸಂಖ್ಯೆ ಕೊಟ್ಟು ಒಂದು ಸಂಕೇತ ವ್ಯವಸ್ಥೆಯನ್ನು ರೂಪಿಸಿದರು, ಇಂದಿನ ಮುಖದ ಅನಿಮೇಷನ್ ಬಹುಮಟ್ಟಿಗೆ ಅದನ್ನೇ ಆಧರಿಸಿದೆ. 2007ರಲ್ಲಿ ಸಂಶೋಧಕರು ಚಿಂಪಾಂಜಿಯ ಮುಖಕ್ಕೂ ಅಂಥದೇ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ಸ್ನಾಯುಗಳು ಬಹುಪಾಲು ಒಂದೇ, ಆದರೆ ಅವು ಹೊರಡಿಸುವ ಅರ್ಥ ಒಂದೇ ಅಲ್ಲ. ತರಗತಿಯಲ್ಲಿ ನಾನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದ ಸಂಗತಿ ಇದು: ಶುಭಾಶಯ ಪತ್ರಗಳಲ್ಲಿ, ಜಾಹೀರಾತುಗಳಲ್ಲಿ ಹಲ್ಲು ಕಿರಿದು ‘ನಗುವ’ ಚಿಂಪಾಂಜಿ ಬಹುತೇಕ ಸಂದರ್ಭಗಳಲ್ಲಿ ನಗುತ್ತಿರುವುದಿಲ್ಲ, ಹೆದರಿರುತ್ತದೆ. ನಿಜವಾಗಿ ಆಟದ ಖುಷಿಯಲ್ಲಿರುವ ಚಿಂಪಾಂಜಿ ಬಾಯಿಯನ್ನು ಸಡಿಲವಾಗಿ ತೆರೆಯುತ್ತದೆ, ಮೇಲಿನ ಹಲ್ಲುಗಳನ್ನು ಹೆಚ್ಚಾಗಿ ತುಟಿ ಮುಚ್ಚಿರುತ್ತದೆ. ಇದನ್ನು ತಿಳಿದ ಮನುಷ್ಯನೊಬ್ಬ ಅನಿಮೇಷನ್ ಮಾಡುವ ಕಂಪ್ಯೂಟರಿನ ಮುಂದೆ ಕೂತಿದ್ದರಷ್ಟೇ ಸೀಸರ್‌ನ ಮುಖದಲ್ಲಿ ಭಯ ಭಯವಾಗಿ, ಸಲಿಗೆ ಸಲಿಗೆಯಾಗಿ ಮೂಡುತ್ತದೆ.

ಇನ್ನು ನಮ್ಮ ಕಣ್ಣಿಗೇ ಬೀಳದ ಕೆಲಸಗಳಿವೆ. ಬೂದು ಉಡುಪಿನ ನಟನನ್ನು ಚಿತ್ರದಿಂದ ಅಳಿಸಿ ಅವನ ಹಿಂದಿನ ಗೋಡೆಯನ್ನೋ ಗಿಡವನ್ನೋ ಮರಳಿ ತುಂಬುವವರು ಒಬ್ಬರು, ಸೆಕೆಂಡಿಗೆ 24 ಚಿತ್ರಗಳಂತೆ ಅಷ್ಟನ್ನೂ ಅವರು ತಿದ್ದಬೇಕು. ಚರ್ಮದಡಿ ಸ್ನಾಯು ಮತ್ತು ಕೊಬ್ಬು ಅಲುಗುವುದನ್ನು ಲೆಕ್ಕ ಹಾಕುವವರು ಇನ್ನೊಬ್ಬರು. ಮಳೆಯಲ್ಲಿ ತೊಯ್ದ ಕೂದಲು ಮೈಗಂಟುವ ಬಗೆಯನ್ನು ತಿಂಗಳುಗಟ್ಟಲೆ ತಿದ್ದುವವರು ಮತ್ತೊಬ್ಬರು. ಇವರನ್ನೆಲ್ಲ ‘ಕಂಪ್ಯೂಟರ್’ ಎಂಬ ಒಂದೇ ಪದದಲ್ಲಿ ಹೂತುಬಿಟ್ಟರೆ ಏನಾಗುತ್ತದೆ ಎಂಬುದನ್ನು 2013ರಲ್ಲಿ ಕಂಡಿದ್ದೇವೆ. ದೋಣಿಯಲ್ಲಿ ಹುಡುಗನ ಜೊತೆ ಉಳಿದ ಹುಲಿಯ ಕಥೆ ‘ಲೈಫ್ ಆಫ್ ಪೈ’ ಆ ವರ್ಷದ ಫೆಬ್ರುವರಿಯಲ್ಲಿ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪಡೆಯಿತು. ಬಹುಪಾಲು ದೃಶ್ಯಗಳ ಆ ಹುಲಿಯನ್ನು ಸೃಷ್ಟಿಸಿದ್ದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆ ಅದೇ ತಿಂಗಳು ದಿವಾಳಿ ಅರ್ಜಿ ಸಲ್ಲಿಸಿತ್ತು, ನೂರಾರು ಕುಶಲಕರ್ಮಿಗಳು ಕೆಲಸ ಕಳೆದುಕೊಂಡಿದ್ದರು. ಸಮಾರಂಭದ ಹೊರಗೆ ಕಲಾವಿದರು ಪ್ರತಿಭಟಿಸುತ್ತಿದ್ದರು, ಒಳಗೆ ಪ್ರಶಸ್ತಿ ಸ್ವೀಕರಿಸಿದವರು ಸಂಸ್ಥೆಯ ಸಂಕಷ್ಟದ ಮಾತೆತ್ತುತ್ತಿದ್ದಂತೆ ಸಂಗೀತ ನುಡಿಸಿ ಅವರ ಮಾತನ್ನು ನಿಲ್ಲಿಸಲಾಯಿತು. ಯಂತ್ರವೇ ಮಾಡಿತು ಎಂದು ಲೋಕ ನಂಬಿದ ಕೆಲಸಕ್ಕೆ ಕೂಲಿ ಕೇಳುವವರ ದನಿ ಹೀಗೆ ಅಡಗುತ್ತದೆ.

ಪ್ರಾಣಿಗಳಿಲ್ಲ ಎಂಬ ಅರ್ಧಮಾತಿನ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಅದನ್ನು ಲೇಖಕರು ಒಂದು ಕೊರತೆಯೆಂಬಂತೆ ಬರೆದಿದ್ದಾರೆ. ಸಿನಿಮಾ, ಟಿವಿಗಳಲ್ಲಿ ನಾವು ಕಾಣುತ್ತಿದ್ದ ಮುದ್ದಾದ ಚಿಂಪಾಂಜಿಗಳು ಸಾಮಾನ್ಯವಾಗಿ ಮರಿಗಳು. ಬೆಳೆದ ಚಿಂಪಾಂಜಿಯ ಬಲ ಮನುಷ್ಯ ನಿಭಾಯಿಸಲಾಗದ್ದು, ಆದ್ದರಿಂದ ಎಳೆಯ ಮರಿಯನ್ನೇ ತಾಯಿಯಿಂದ ಅಗಲಿಸಿ ಪಳಗಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅದು ಬೆಳೆದು ಕೆಲಸಕ್ಕೆ ಬಾರದಾದ ಮೇಲೆ ದಶಕಗಳ ಆಯುಷ್ಯವನ್ನು ಪಂಜರದಲ್ಲಿ ಕಳೆಯಬೇಕಾಗುತ್ತಿತ್ತು. ಇದರ ಇನ್ನೊಂದು ಕೆಡುಕನ್ನು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸಂಶೋಧಕರು ತೋರಿಸಿದರು: ಗೊರಿಲ್ಲಾ ಮತ್ತು ಒರಾಂಗುಟಾನ್‌ಗಳು ಅಳಿವಿನ ಅಂಚಿನಲ್ಲಿವೆ ಎಂದು ಬಲ್ಲ ಜನರಲ್ಲಿ ಎಷ್ಟೋ ಮಂದಿಗೆ ಚಿಂಪಾಂಜಿಗೂ ಅದೇ ಅಪಾಯವಿದೆ ಎಂಬುದು ತಿಳಿದಿರಲಿಲ್ಲ, ಜಾಹೀರಾತು ಮತ್ತು ಸಿನಿಮಾಗಳಲ್ಲಿ ಅದು ಅಷ್ಟೊಂದು ಕಾಣಿಸಿಕೊಳ್ಳುತ್ತದಲ್ಲ ಎಂಬುದು ಅವರ ತಪ್ಪು ಭಾವನೆಗೆ ಒಂದು ಕಾರಣವಾಗಿತ್ತು. 2011ರಿಂದ ಈಚೆಗೆ ಬಂದ ಈ ಸರಣಿಯ ನಾಲ್ಕು ಚಿತ್ರಗಳಲ್ಲಿ ವಾನರರ ಪಾತ್ರಗಳಿಗೆ ಜೀವಂತ ವಾನರರನ್ನು ದುಡಿಸಿಲ್ಲ. ವಾನರರನ್ನು ಕೂಡಿಹಾಕುವುದರ ವಿರುದ್ಧದ ಕಥೆಯನ್ನು ಕೂಡಿಹಾಕಿದ ವಾನರರಿಂದಲೇ ಮಾಡಿಸಿದ್ದರೆ ಅದನ್ನು ನೋಡುವ ಮನಸ್ಸು ನನಗಂತೂ ಬರುತ್ತಿರಲಿಲ್ಲ. ಕೋಬಾನ ಮೈಮೇಲಿನ ಗಾಯಗಳು ಬರೀ ಕಲ್ಪನೆಯೂ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಪ್ರಯೋಗಗಳಿಗೆ ನೆರವನ್ನು ಸಂಪೂರ್ಣವಾಗಿ ಕೈಬಿಟ್ಟದ್ದು 2015ರಲ್ಲಿ, ಅಂದರೆ ಈ ಸರಣಿಯ ಎರಡು ಚಿತ್ರಗಳು ತೆರೆಕಂಡ ನಂತರ.

ಸೀಸರ್ ಮತ್ತು ಮಾರಿಸ್ ಕೈಸನ್ನೆಯಲ್ಲಿ ಮಾತಾಡುವುದನ್ನು ಲೇಖಕರು ‘ಚಿತ್ರಕಥೆಯ ಜಾಣತನ’ ಎಂದಿದ್ದಾರೆ. ಅದರ ಬೇರು 1966ರಷ್ಟು ಹಿಂದಕ್ಕೆ ಹೋಗುತ್ತದೆ. ಅಮೆರಿಕದ ನೆವಾಡಾದಲ್ಲಿ ಗಾರ್ಡ್‌ನರ್ ದಂಪತಿ ವಾಶೋ ಎಂಬ ಚಿಂಪಾಂಜಿಯನ್ನು ಸಾಕಿಕೊಂಡು ಅದಕ್ಕೆ ಕಿವುಡರ ಸಂಜ್ಞಾಭಾಷೆಯನ್ನು ಕಲಿಸಲು ಹೊರಟರು, ಅದು ನೂರಕ್ಕೂ ಹೆಚ್ಚು ಸಂಜ್ಞೆಗಳನ್ನು ಕಲಿಯಿತು. ಮುಂದೆ ನಿಮ್ ಎಂಬ ಇನ್ನೊಂದು ಚಿಂಪಾಂಜಿಯೊಡನೆ ದುಡಿದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಟೆರೇಸ್, ಇದು ಅನುಕರಣೆಯೇ ಹೊರತು ವಾಕ್ಯರಚನೆಯಲ್ಲ ಎಂದು 1979ರಲ್ಲಿ ವಾದಿಸಿದರು. ಆ ಚರ್ಚೆ ಏನೇ ಇರಲಿ, ತೆರೆಯ ಮೇಲಿನ ಆ ಕೈಸನ್ನೆಗಳನ್ನು ನಟರು ಕುಳಿತು ಕಲಿತು ಮಾಡಿದ್ದಾರೆ ಎಂಬುದನ್ನಷ್ಟೇ ಇಲ್ಲಿ ಹೇಳಬೇಕಾಗಿದೆ.

2011, 2014, 2017 ಮತ್ತು 2024ರ ಈ ನಾಲ್ಕೂ ಚಿತ್ರಗಳು ದೃಶ್ಯ ಪರಿಣಾಮಗಳ ಆಸ್ಕರ್‌ಗೆ ನಾಮನಿರ್ದೇಶನಗೊಂಡವು, ನಾಲ್ಕೂ ಬಾರಿ ಪ್ರಶಸ್ತಿ ಬೇರೆ ಚಿತ್ರಗಳ ಪಾಲಾಯಿತು. ಸರ್ಕಿಸ್ ಅವರನ್ನು ಪೋಷಕ ನಟ ಪ್ರಶಸ್ತಿಗೆ ಪರಿಗಣಿಸಬೇಕೆಂದು ನಿರ್ಮಾಣ ಸಂಸ್ಥೆ ಪ್ರಚಾರ ನಡೆಸಿದರೂ ನಾಮನಿರ್ದೇಶನವೇ ದೊರೆಯಲಿಲ್ಲ. ಅಭಿನಯದ ತೀರ್ಪುಗಾರರು ಇದು ತಂತ್ರಜ್ಞಾನ ಎಂದುಕೊಂಡರು, ತಂತ್ರಜ್ಞಾನದ ಕಡೆಯವರ ಬಹುಮಾನ ಇನ್ನೊಂದಕ್ಕೆ ಹೋಯಿತು. ಎರಡು ಮನೆಯ ನೆಂಟ ಉಪವಾಸ ಬಿದ್ದಂತಾಯಿತು ಈ ಕಲೆಯ ಗತಿ.

ಆಸ್ಕರ್ ಸಮಿತಿಗೆ ಬುದ್ಧಿ ಹೇಳುವ ಸ್ಥಾನದಲ್ಲಿ ನಾನಿಲ್ಲ, ನೀವೂ ಇಲ್ಲ. ಆದರೆ ನಿಮ್ಮ ಪತ್ರಿಕೆಯ ಕೈಯಲ್ಲಿ ಒಂದು ಸಣ್ಣ ಚೌಕವಿದೆ. ಪ್ರತಿ ವಿಮರ್ಶೆಯ ಪಕ್ಕದಲ್ಲಿ ತಾರಾಗಣ, ನಿರ್ದೇಶನ, ಸಂಗೀತ, ಛಾಯಾಗ್ರಹಣ ಎಂದು ಹೆಸರುಗಳನ್ನು ಅಚ್ಚು ಹಾಕುತ್ತೀರಿ. ಕಳೆದ ಭಾನುವಾರದ ಚೌಕದಲ್ಲಿ 2011ರ ಚಿತ್ರದ ತಾರಾಗಣವೆಂದು ಮನುಷ್ಯ ಪಾತ್ರಗಳ ಮೂವರ ಹೆಸರಿತ್ತು, ಸರ್ಕಿಸ್ ಹೆಸರಿರಲಿಲ್ಲ. 2024ರ ಚಿತ್ರದ ಮುಂದೆ, ಇಡೀ ಕಥೆಯನ್ನು ಹೆಗಲ ಮೇಲೆ ಹೊತ್ತ ನೋವಾ ಎಂಬ ಎಳೆಯ ಚಿಂಪಾಂಜಿಯ ಪಾತ್ರಧಾರಿ ಓವೆನ್ ಟೀಗ್ ಹೆಸರೂ ಇರಲಿಲ್ಲ. ಇಂಥ ಚಿತ್ರಗಳ ಬಗ್ಗೆ ಬರೆಯುವಾಗ ಪ್ರಾಣಿಯ ಪಾತ್ರ ಮಾಡಿದವರನ್ನು ತಾರಾಗಣದಲ್ಲೇ ಸೇರಿಸಿ, ಅದರ ಕೆಳಗೆ ‘ದೃಶ್ಯ ಪರಿಣಾಮ’ ಎಂದು ಒಂದು ಸಾಲು ಕೊಟ್ಟು ಆ ತಂಡದ ಮುಖ್ಯಸ್ಥರ ಹೆಸರನ್ನು ಹಾಕಬೇಕೆಂದು ವಿನಂತಿಸುತ್ತೇನೆ. ನಾನು ಹೇಳುತ್ತಿರುವ ಮೊದಲ ಮೂರು ಚಿತ್ರಗಳಿಗಾದರೆ ಅಲ್ಲಿ ಜೋ ಲೆಟೆರಿ ಎಂಬ ಹೆಸರು ಬರಬೇಕಿತ್ತು.

ಅಂದು ಸಿನಿಮಾ ಮುಗಿದು ತೆರೆಯ ಮೇಲೆ ಹೆಸರುಗಳು ಏರತೊಡಗಿದಾಗ ಮೊಮ್ಮಗಳು ಏಳಲಿಲ್ಲ. ನಾನೇ ಸೀಸರ್ ಎಂಬ ಹೆಸರಿನ ಎದುರಿಗಿದ್ದದ್ದನ್ನು ಬೆರಳಿಟ್ಟು ತೋರಿಸಿದೆ, ಅವಳು ಅಕ್ಷರ ಕೂಡಿಸಿಕೊಂಡು ಓದಿದಳು. ಆಮೇಲೆ ಅನಿಮೇಟರುಗಳ ಸಾಲು ಬಂದಾಗ ಎಣಿಸಲು ಶುರು ಮಾಡಿದಳು, ಸಾಲು ಬೇಗ ಬೇಗ ಮೇಲಕ್ಕೆ ಸರಿದು ಲೆಕ್ಕ ತಪ್ಪಿಹೋಯಿತು. ‘ಇಷ್ಟೊಂದು ಜನ ಸೇರಿ ಒಂದು ಚಿಂಪಾಂಜಿನಾ?’ ಎಂದು ಕೇಳಿದಳು. ಹೌದು ಎಂದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವವಿಜ್ಞಾನ ಶಿಕ್ಷಕ